ಚರ್ಮದ ಕ್ಯಾನ್ಸರ್: ಬೆಳಕಿನ ಉಪಕರಣಗಳಿಂದ ತಪಾಸಣೆ, ಚಿಕಿತ್ಸೆ ನಡೆಯುವ ಬಗೆ

ನಮ್ಮ ಮೈಬಣ್ಣಕ್ಕೆ ಕಾರಣವಾದ ಮೆಲನಿನ್ ಬಿಸಿಲಿನ ಅತಿನೇರಳೆ ಕಿರಣಗಳನ್ನು ಬಹುಮಟ್ಟಿಗೆ ತಡೆಯುವುದರಿಂದ ಕಲ್ಯಾಣ ಕರ್ನಾಟಕದಲ್ಲಿ ಚರ್ಮದ ಕ್ಯಾನ್ಸರ್ ವಿರಳ. ಆದರೆ ಬಿಸಿಲೊಂದೇ ಅದಕ್ಕೆ ಕಾರಣವಲ್ಲ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಆರ್ಸೆನಿಕ್ ಎಂಬ ವಿಷವಸ್ತು ಬೆರೆತ ಕೊಳವೆಬಾವಿ ನೀರು ಕುಡಿದವರ ಅಂಗೈ, ಅಂಗಾಲುಗಳಲ್ಲಿ ಗಡುಸಾದ ಗಂಟುಗಳೆದ್ದು, ಕೆಲವರಿಗೆ ಚರ್ಮದ ಕ್ಯಾನ್ಸರ್ ಬಂದದ್ದು ದಾಖಲಾಗಿದೆ. ಹಳೆಯ ಸುಟ್ಟ ಗಾಯದ ಕಲೆ ಮತ್ತು ವರ್ಷಗಟ್ಟಲೆ ಮಾಯದ ಹುಣ್ಣಿನಲ್ಲೂ ಅದು ಹುಟ್ಟಬಹುದು.

ಕಲಬುರಗಿ, ಬೀದರ್, ಯಾದಗಿರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ಅಲ್ಲಿಗೆ ಹೊರಡುವ ಮುನ್ನ ಮೈಮೇಲಿನ ಅರಿಶಿನ, ವಿಭೂತಿ, ಮುಲಾಮುಗಳನ್ನು ತೊಳೆದುಕೊಳ್ಳಬೇಕು, ಉಗುರುಬಣ್ಣವನ್ನು ತೆಗೆಯಬೇಕು. ಗೋರಂಟಿ ಹಚ್ಚಿದ ಅಂಗೈಯಲ್ಲಿ ಮಚ್ಚೆಯ ನಿಜವಾದ ಬಣ್ಣ ತಿಳಿಯುವುದಿಲ್ಲವಾದ್ದರಿಂದ ಕೆಲವು ವಾರ ಮೊದಲೇ ಅದನ್ನು ನಿಲ್ಲಿಸುವುದು ಒಳ್ಳೆಯದು. ಆರ್ಸೆನಿಕ್‌ನಿಂದ ಬರುವ ಬೋವೆನ್ಸ್ ಕಾಯಿಲೆ (ಚರ್ಮದ ಮೇಲ್ಪದರದಲ್ಲೇ ಇರುವ, ಆರಂಭದ ಹಂತದ ಕ್ಯಾನ್ಸರ್) ಬಟ್ಟೆಯ ಮರೆಯಲ್ಲಿರುವ ಸೊಂಟ, ಬೆನ್ನಿನ ಮೇಲೂ ಕಾಣಿಸಿಕೊಳ್ಳುವುದರಿಂದ, ಸಂಕೋಚ ಪಡದೆ ಇಡೀ ಮೈಯನ್ನು ತೋರಿಸಬೇಕು.

ವೈದ್ಯರು ಮೊದಲು ಕೈಗೆತ್ತಿಕೊಳ್ಳುವುದು ಡರ್ಮೋಸ್ಕೋಪ್. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಈ ಉಪಕರಣದಲ್ಲಿ ಚರ್ಮವನ್ನು ಸುಮಾರು 10 ಪಟ್ಟು ಹಿಗ್ಗಿಸಿ ತೋರಿಸುವ ಮಸೂರವೂ ಅದರ ಸುತ್ತ ಎಲ್‌ಇಡಿ ದೀಪಗಳೂ ಇರುತ್ತವೆ. ಧ್ರುವೀಕರಿಸಿದ (ಒಂದೇ ದಿಕ್ಕಿನಲ್ಲಿ ಕಂಪಿಸುವಂತೆ ಮಾಡಿದ) ಬೆಳಕು ಚರ್ಮದ ಮೇಲ್ಮೈಯ ಹೊಳಪನ್ನು ಕಳೆದು, ಒಳಪದರದ ಬಣ್ಣ ಮತ್ತು ರಕ್ತನಾಳಗಳನ್ನು ಕಣ್ಣಿಗೆ ಕಾಣಿಸುತ್ತದೆ. ಭಾರತೀಯರಲ್ಲಿ ಮೆಲನೋಮಾ ಎಂಬ ಅಪಾಯಕಾರಿ ಚರ್ಮದ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವ ಅಂಗಾಲಿನಲ್ಲಿ ಇದರ ಬೆಲೆ ತಿಳಿಯುತ್ತದೆ: ಮಚ್ಚೆಯ ಕಪ್ಪು ಬಣ್ಣ ತಗ್ಗಿನ ಗೆರೆಗಳಗುಂಟ ಸಾಗಿದ್ದರೆ ಅದು ಸಾಮಾನ್ಯವಾಗಿ ನಿರುಪದ್ರವಿ, ಉಬ್ಬು ಗೆರೆಗಳ ಮೇಲೆ ಅಗಲವಾಗಿ ಹರಡಿದ್ದರೆ ಸಂಶಯ ಪಡಬೇಕಾಗುತ್ತದೆ. ಬರಿಗಣ್ಣಿಗೆ ಎರಡೂ ಒಂದೇ ಕಪ್ಪು ಕಲೆ. ಹೀಗೆ ನೋಡುವುದರಿಂದ ನೋವಾಗಲಿ, ವಿಕಿರಣದ ಭಯವಾಗಲಿ ಇಲ್ಲ.

ಆದರೂ ಕ್ಯಾನ್ಸರ್ ಎಂದು ಖಚಿತಪಡಿಸುವುದು ಬಯಾಪ್ಸಿಯೇ. ಆ ಜಾಗ ಮರಗಟ್ಟುವಂತೆ ಇಂಜೆಕ್ಷನ್ ಕೊಟ್ಟು ಚಿಕ್ಕ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. 'ಚುಚ್ಚಿದರೆ ಗಡ್ಡೆ ಹರಡುತ್ತದೆ' ಎಂಬ ಮಾತು ನಮ್ಮ ಊರುಗಳಲ್ಲಿ ಬಹಳ ಜನರನ್ನು ತಡೆದಿದೆ. ಆ ಅಂಜಿಕೆಗೆ ಬಯಾಪ್ಸಿಯನ್ನು ಮುಂದೂಡಬಾರದು.

ವರದಿಯಲ್ಲಿ ಬೋವೆನ್ಸ್ ಕಾಯಿಲೆ ಅಥವಾ ಮೇಲ್ಪದರದ ಬೇಸಲ್ ಸೆಲ್ ಕ್ಯಾನ್ಸರ್ (ಮೇಲ್ಚರ್ಮದ ತಳದ ಕೋಶಗಳಿಂದ ಹುಟ್ಟುವ ಕ್ಯಾನ್ಸರ್) ಎಂದಿದ್ದರೆ ಫೋಟೋಡೈನಮಿಕ್ ಥೆರಪಿ, ಅಂದರೆ ಔಷಧದೊಡನೆ ಕೊಡುವ ಬೆಳಕಿನ ಚಿಕಿತ್ಸೆ, ಒಂದು ದಾರಿ. ಮೊದಲು ಗಾಯದ ಮೇಲಿನ ಹೊಪ್ಪಳೆಯನ್ನು ಮೆಲ್ಲಗೆ ಕೆರೆದು ಔಷಧದ ಮುಲಾಮು ಹಚ್ಚಿ, ಬೆಳಕು ತಾಗದಂತೆ ಸುಮಾರು 3 ತಾಸು ಮುಚ್ಚಿಡುತ್ತಾರೆ. ಆ ಹೊತ್ತಿನಲ್ಲಿ ರೋಗಗ್ರಸ್ತ ಜೀವಕೋಶಗಳು ಮುಲಾಮನ್ನು ಹೀರಿ, ಬೆಳಕಿಗೆ ಸ್ಪಂದಿಸುವ ಪ್ರೋಟೋಪಾರ್ಫಿರಿನ್ ಎಂಬ ವಸ್ತುವನ್ನು ಕೂಡಿಸಿಕೊಳ್ಳುತ್ತವೆ. ಬಳಿಕ ಸುಮಾರು 630 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕನ್ನು ಕೆಲವು ನಿಮಿಷ ಬಿಟ್ಟಾಗ ಉಗ್ರರೂಪದ ಆಕ್ಸಿಜನ್ ಹುಟ್ಟಿ ಆ ಕೋಶಗಳನ್ನು ಕೊಲ್ಲುತ್ತದೆ. ರೋಗಿಗೂ ಸಿಬ್ಬಂದಿಗೂ ಕಣ್ಣಿಗೆ ಕನ್ನಡಕ ಕಡ್ಡಾಯ. ಉರಿ ಜೋರಾಗಿಯೇ ಇರುತ್ತದೆ. ತಡೆಯಲಾಗದಿದ್ದರೆ ಹೇಳಬೇಕು, ಫ್ಯಾನಿನ ಗಾಳಿ ಕೊಡುತ್ತಾರೆ ಇಲ್ಲವೇ ದೀಪವನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ.

ಈ ಬೆಳಕಿನ ಪ್ರಭಾವ ಚರ್ಮದ ಕೆಲವೇ ಮಿಲಿಮೀಟರ್ ಆಳಕ್ಕೆ ಸೀಮಿತ. ಆದ್ದರಿಂದ ದಪ್ಪ ಗಡ್ಡೆಗೆ, ಆಳಕ್ಕಿಳಿದ ಕ್ಯಾನ್ಸರ್‌ಗೆ ಇದು ಸಾಲದು. ಮೆಲನೋಮಾಕ್ಕಂತೂ ಶಸ್ತ್ರಚಿಕಿತ್ಸೆಯೇ ಮೊದಲ ಮಾರ್ಗ. ಬೆಳಕಿನ ಚಿಕಿತ್ಸೆಯ ಸೌಲಭ್ಯ ಎಲ್ಲ ಆಸ್ಪತ್ರೆಗಳಲ್ಲಿ ಇರುವುದಿಲ್ಲ. ಬಯಾಪ್ಸಿ ವರದಿಯೊಡನೆ ಕಲಬುರಗಿಯ ಕಿದ್ವಾಯಿ ಕ್ಯಾನ್ಸರ್ ಕೇಂದ್ರಕ್ಕೆ ಹೋದರೆ ಯಾವ ಚಿಕಿತ್ಸೆ ಸೂಕ್ತ, ಅದಕ್ಕೆ ಎಲ್ಲಿಗೆ ಹೋಗಬೇಕು ಎಂದು ಕೇಳಿ ತಿಳಿಯಬಹುದು.

ಬೆಳಕಿನ ಚಿಕಿತ್ಸೆಯಾದ ಮೇಲೆ 48 ತಾಸು ಆ ಜಾಗಕ್ಕೆ ಬಿಸಿಲು ಬೀಳಬಾರದು. ಹೊಲಕ್ಕೆ ಹೋಗುವವರು ಆ ಎರಡು ದಿನ ಮನೆಯೊಳಗೇ ಇರುವುದು ಲೇಸು. ಸಾಮಾನ್ಯವಾಗಿ ವಾರ ಬಿಟ್ಟು ಇನ್ನೊಮ್ಮೆ ಬೆಳಕು ಕೊಡುತ್ತಾರೆ. ಸುಮಾರು 3 ತಿಂಗಳಿಗೆ ಮರುತಪಾಸಣೆ ಮಾಡಿ, ಕಾಯಿಲೆ ಉಳಿದಿದ್ದರೆ ಮುಂದಿನ ಚಿಕಿತ್ಸೆಯನ್ನು ನಿರ್ಧರಿಸುತ್ತಾರೆ.