ಕೋವಿಡ್ ವಾರ್ಡಿನಿಂದ ಬಂದ ನೀಲಿ ಮುಚ್ಚಳದ ಟ್ಯೂಬ್‌ಗಳು

ಮಲೆನಾಡಿನ ಲ್ಯಾಬ್‌ಗಳಲ್ಲಿ ಜ್ವರದವರು ಬಂದರೆ ನಮ್ಮ ಕಣ್ಣು ಮೊದಲು ಹೋಗುವುದು ಪ್ಲೇಟ್‌ಲೆಟ್ ಮೇಲೆ. ಚಿಕ್ಕಮಗಳೂರಿನಲ್ಲಿ ಮಳೆ ಶುರುವಾದರೆ ಡೆಂಗಿ. ಬೇಸಿಗೆಯಲ್ಲಿ ಕೊಪ್ಪ, ಎನ್.ಆರ್. ಪುರದ ಕಡೆಯಿಂದ ಮಂಗನ ಕಾಯಿಲೆ ಇರಬಹುದು ಅಂತ ಬರುವವರು. ಎರಡರಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ, ರಕ್ತಸ್ರಾವದ ಭಯ ಇರುತ್ತದೆ. 2020ರಲ್ಲಿ ಕೋವಿಡ್ ವಾರ್ಡಿನ ಸ್ಯಾಂಪಲ್ ಬರತೊಡಗಿದಾಗ ಈ ಲೆಕ್ಕವೇ ತಲೆಕೆಳಗಾಯಿತು. ಉಸಿರಾಡಲು ಒದ್ದಾಡುತ್ತಿರುವವರ ಪ್ಲೇಟ್‌ಲೆಟ್ ಹೆಚ್ಚುಕಡಿಮೆ ಸರಿಯಾಗೇ ಇದೆ. ರಕ್ತ ಹೆಪ್ಪುಗಟ್ಟಲು ಎಷ್ಟು ಸೆಕೆಂಡ್ ಬೇಕು ಅಂತ ನೋಡುವ ಪಿಟಿ ಕೂಡ ನಾರ್ಮಲ್‌ಗೆ ಹತ್ತಿರ. ಹೆಪ್ಪು ಕರಗಿದ ಗುರುತಾದ ಡಿ-ಡೈಮರ್ ಮಾತ್ರ ಮೇಲೆ ಮೇಲೆ. ಇಲ್ಲಿ ಭಯ ರಕ್ತ ಹೆಪ್ಪುಗಟ್ಟುವುದರದ್ದು.

ಯಾಕೆ ಹೀಗೆ ಅನ್ನುವುದು ನನಗೆ ಇಎಸ್‌ಆರ್, ಅಂದರೆ ಕೊಳವೆಯಲ್ಲಿ ಕೆಂಪು ಕಣಗಳು ಎಷ್ಟು ಬೇಗ ಕೆಳಗಿಳಿಯುತ್ತವೆ ಅನ್ನುವ ಪರೀಕ್ಷೆ, ನೋಡುವಾಗ ಚೆನ್ನಾಗಿ ತಲೆಗೆ ಹತ್ತಿತು. ವೈರಸ್ ವಿರುದ್ಧ ದೇಹ ರೇಗಿದಾಗ ಐಎಲ್-6 ಎಂಬ ಪ್ರೋಟೀನ್ ಜಾಸ್ತಿಯಾಗುತ್ತದೆ. ಅದರ ಸೂಚನೆ ಸಿಕ್ಕಿದ ಕೂಡಲೇ ಲಿವರ್ ಉರಿಯೂತದ ಗುರುತಾದ ಸಿಆರ್‌ಪಿ ತಯಾರಿಸುತ್ತದೆ. ಅದೇ ಸೂಚನೆಗೆ ಫೈಬ್ರಿನೋಜೆನ್ ಕೂಡ ತಯಾರಿಸುತ್ತದೆ. ಫೈಬ್ರಿನೋಜೆನ್ ಜಾಸ್ತಿಯಾದರೆ ಕೆಂಪು ಕಣಗಳು ಒಂದಕ್ಕೊಂದು ಅಂಟಿ ಬೇಗ ಕೆಳಗಿಳಿಯುತ್ತವೆ, ಇಎಸ್‌ಆರ್ ಏರುತ್ತದೆ. ಹೆಪ್ಪುಗಟ್ಟುವುದಕ್ಕೆ ಬೇಕಾದ ಕಚ್ಚಾ ಮಾಲು ಕೂಡ ಇದೇ ಫೈಬ್ರಿನೋಜೆನ್. ಅಂದರೆ ಉರಿಯೂತ ಒಂದು ಕಾಯಿಲೆ, ಹೆಪ್ಪು ಇನ್ನೊಂದು ಕಾಯಿಲೆ ಅಂತ ಬೇರೆ ಬೇರೆ ಇಡಲು ಬರುವುದಿಲ್ಲ. ಜೊತೆಗೆ ರಕ್ತನಾಳದ ಒಳಪದರಕ್ಕೆ ಪೆಟ್ಟು ಬಿದ್ದಿರುತ್ತದೆ. ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ತಮ್ಮ ಡಿಎನ್‌ಎಯನ್ನೇ ಬಲೆಯಾಗಿ ಹೊರಚೆಲ್ಲುತ್ತವೆ, ಪ್ಲೇಟ್‌ಲೆಟ್‌ಗಳು ಅದಕ್ಕೆ ಸಿಕ್ಕಿಕೊಳ್ಳುತ್ತವೆ. ಶ್ವಾಸಕೋಶದ ಸಣ್ಣ ಸಣ್ಣ ನಾಳಗಳಲ್ಲೇ ಹೆಪ್ಪು ಕೂರುತ್ತದೆ. ದೇಹ ಅದನ್ನು ಕರಗಿಸಲು ಹೋದಾಗ ಉಳಿಯುವ ಚೂರು ಡಿ-ಡೈಮರ್. ಮರ ಕೊಯ್ದ ಜಾಗದಲ್ಲಿ ಹೊಟ್ಟು ಬಿದ್ದಿರುತ್ತದಲ್ಲ, ಹಾಗೆ. ಕೊಯ್ದಿದ್ದು ಗೊತ್ತಾಗುತ್ತದೆ. ಯಾವ ಮರ, ಎಲ್ಲಿದ್ದ ಮರ ಅನ್ನುವುದು ಹೊಟ್ಟು ನೋಡಿದರೆ ಗೊತ್ತಾಗುವುದಿಲ್ಲ.

ನನ್ನ ಕೆಲಸದ ಮುಕ್ಕಾಲು ಭಾಗ ಹೋಗಿದ್ದು ಮಷೀನ್ ಮುಂದಲ್ಲ, ಸ್ಯಾಂಪಲ್ ಸರಿಯಾಗಿ ಬರುವಂತೆ ಮಾಡುವುದರಲ್ಲಿ. ಡಿ-ಡೈಮರ್‌ಗೆ ನೀಲಿ ಮುಚ್ಚಳದ ಟ್ಯೂಬ್. ಒಳಗೆ ಮೊದಲೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ದ್ರಾವಣ ಇರುತ್ತದೆ. 9 ಪಾಲು ರಕ್ತಕ್ಕೆ 1 ಪಾಲು ಸಿಟ್ರೇಟ್, ಅಷ್ಟೇ ಇರಬೇಕು. ರಕ್ತ ಕಡಿಮೆ ತುಂಬಿದರೆ ಪ್ಲಾಸ್ಮಾ ನೀರಾಗಿ ಡಿ-ಡೈಮರ್ ಕಡಿಮೆ ಬರುತ್ತದೆ, ಪಿಟಿ ಸುಮ್ನೆ ಉದ್ದವಾಗುತ್ತದೆ. ಪಿಪಿಇ ಕಿಟ್ ಒಳಗೆ, ಮಂಜು ಹಿಡಿದ ಕನ್ನಡಕದಲ್ಲಿ, ಎರಡು ಜೊತೆ ಗ್ಲೌಸ್ ಹಾಕಿಕೊಂಡವರಿಗೆ ಟ್ಯೂಬ್ ಮೇಲಿನ ಸಣ್ಣ ಗುರುತು ಎಲ್ಲಿ ಕಾಣಬೇಕು? ಹಾಗಾಗಿ ಖಾಲಿ ಟ್ಯೂಬ್‌ಗಳನ್ನು ವಾರ್ಡಿಗೆ ಕೊಡುವ ಮೊದಲೇ ಆ ಗುರುತಿನ ಮೇಲೆ ಮಾರ್ಕರ್‌ನಿಂದ ದಪ್ಪ ಗೆರೆ ಎಳೆದು ಕೊಡುತ್ತಿದ್ದೆ. ಸ್ಕಾಲ್ಪ್ ವೇನ್ ಸೆಟ್‌ನಲ್ಲಿ, ಅಂದರೆ ಉದ್ದ ಕೊಳವೆ ಇರುವ ಸಣ್ಣ ಸೂಜಿಯಲ್ಲಿ, ತೆಗೆಯುವುದಾದರೆ ಕೊಳವೆಯಲ್ಲಿರುವ ಗಾಳಿ ನೀಲಿ ಟ್ಯೂಬಿಗೆ ಹೋಗಿ ರಕ್ತ ಕಡಿಮೆಯಾಗುತ್ತದೆ. ಅದಕ್ಕೆ ಮೊದಲು ಒಂದು ಬೇಡದ ಟ್ಯೂಬಿಗೆ ಸ್ವಲ್ಪ ತೆಗೆದು ಎಸೆಯಿರಿ ಅಂತ ಹೇಳಿಕೊಟ್ಟೆ. ತುಂಬಿದ ಮೇಲೆ ಮೂರ್ನಾಲ್ಕು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು, ಕುಲುಕಬಾರದು.

ಲ್ಯಾಬಿಗೆ ಬಂದ ಮೇಲೆ ಮರದ ಕಡ್ಡಿ ಹಾಕಿ ನೋಡುತ್ತಿದ್ದೆ. ಒಂದು ಸಣ್ಣ ಹೆಪ್ಪು ಸಿಕ್ಕಿದರೂ ಆ ಟ್ಯೂಬ್ ಲೆಕ್ಕಕ್ಕಿಲ್ಲ. ಇನ್ನೊಂದು ಸಲ ಕಳಿಸಿ ಅಂದರೆ ಸಿಸ್ಟರ್‌ಗೆ ಸಿಟ್ಟು. "ಅಣ್ಣಾ, ಈಗಷ್ಟೇ ಕಿಟ್ ಬಿಚ್ಚಿದೀನಿ, ನಿಮಗೆ ಕರುಣೆ ಇಲ್ವಾ?" ಕರುಣೆ ಇತ್ತು. ಆದರೂ ಕೆಟ್ಟ ಸ್ಯಾಂಪಲ್ ಓಡಿಸಿ ನಂಬರ್ ಕೊಡುವುದಕ್ಕಿಂತ ಬೈಸಿಕೊಳ್ಳುವುದು ವಾಸಿ.

ಇನ್ನು ಯೂನಿಟ್ ರಾದ್ಧಾಂತ. ಮೂಡಿಗೆರೆ ಕಡೆಯ ಎಸ್ಟೇಟ್ ರೈಟರ್ ಒಬ್ಬರ ಮಗ ಫೋನ್ ಮಾಡಿ ನಡುಗುತ್ತಿದ್ದ. "ಸಾರ್, ಬೇರೆ ಲ್ಯಾಬಲ್ಲಿ 1.2 ಇತ್ತು, ನಿಮ್ಮಲ್ಲಿ 1100 ಬಂದಿದೆ. ಸಾವಿರ ಪಟ್ಟು ಏರಿದೆಯಾ?" ಅಲ್ಲಿ ಕೊಟ್ಟಿದ್ದು ಮೈಕ್ರೋಗ್ರಾಂ, ನಾವು ಕೊಟ್ಟಿದ್ದು ನ್ಯಾನೋಗ್ರಾಂ. 1.2 ಅಂದರೆ 1200, ನಿಜ ಹೇಳಬೇಕೆಂದರೆ ಸ್ವಲ್ಪ ಇಳಿದಿತ್ತು. ಇದಕ್ಕಿಂತ ಕಷ್ಟದ್ದು ಎಫ್‌ಇಯು ಮತ್ತು ಡಿಡಿಯು ಅನ್ನುವ ಡಿ-ಡೈಮರ್‌ನ ಎರಡು ಬೇರೆ ಲೆಕ್ಕಗಳು. ಒಂದೇ ರಕ್ತಕ್ಕೆ ಎಫ್‌ಇಯು ಲೆಕ್ಕದಲ್ಲಿ ಸುಮಾರು ಎರಡು ಪಟ್ಟು ಬರುತ್ತದೆ. ಎಫ್‌ಇಯುನಲ್ಲಿ 500 ನ್ಯಾನೋಗ್ರಾಂ ನಾರ್ಮಲ್ ಗಡಿಯಾದರೆ ಡಿಡಿಯುನಲ್ಲಿ 250. ಅದಕ್ಕೇ ನಮ್ಮ ರಿಪೋರ್ಟ್‌ನಲ್ಲಿ ನಂಬರ್‌ಗಿಂತ ಯೂನಿಟ್ ದಪ್ಪಕ್ಷರದಲ್ಲಿ ಬರುವಂತೆ ಮಾಡಿಸಿದೆ. ದಿನ ಬಿಟ್ಟು ದಿನ ನೋಡುವುದಾದರೆ ಒಂದೇ ಲ್ಯಾಬಲ್ಲಿ ಮಾಡಿಸಿ ಅಂತ ಎಲ್ಲರಿಗೂ ಹೇಳುತ್ತಿದ್ದೆ. ವ್ಯಾಪಾರಕ್ಕೆ ಹೇಳುತ್ತಾನೆ ಅಂದುಕೊಂಡವರೂ ಇದ್ದರು. ಅಂದುಕೊಳ್ಳಲಿ. ವಯಸ್ಸಾದವರಲ್ಲಿ, ಬಸುರಿಯರಲ್ಲಿ, ಆಪರೇಷನ್ ಆದವರಲ್ಲಿ ಕೋವಿಡ್ ಇಲ್ಲದೆಯೂ ಡಿ-ಡೈಮರ್ ಜಾಸ್ತಿ ಇರುತ್ತದೆ ಅನ್ನುವುದನ್ನೂ ಹೇಳಬೇಕಾಗುತ್ತಿತ್ತು.

2021ರ ಏಪ್ರಿಲ್, ಮೇ ಹೊತ್ತಿಗೆ ರಿಪೋರ್ಟ್ ನೋಡಿದರೆ ವಾರ್ಡಿನ ಕಥೆ ಅರ್ಧ ಗೊತ್ತಾಗುತ್ತಿತ್ತು. ಲಿಂಫೋಸೈಟ್ ಎಂಬ ಬಿಳಿ ಕಣ ಇಳಿಯುತ್ತದೆ, ಸಿಆರ್‌ಪಿ ಮತ್ತು ಉರಿಯೂತದ ಇನ್ನೊಂದು ಗುರುತಾದ ಫೆರಿಟಿನ್ ಏರುತ್ತವೆ. ಡೆಕ್ಸಮೆಥಸೋನ್ ಎಂಬ ಸ್ಟೆರಾಯ್ಡ್ ಶುರುವಾದ ಮೇಲೆ ಬಹಳ ಜನರಲ್ಲಿ ಸಿಆರ್‌ಪಿ ಇಳಿಯುತ್ತದೆ, ಬಿಳಿ ಕಣಗಳ ಸಂಖ್ಯೆ ಮಾತ್ರ ಏರುತ್ತದೆ. ಅದನ್ನು ನೋಡಿ ಹೊಸ ಸೋಂಕು ಅಂತ ಗಾಬರಿಯಾಗುವ ಮೊದಲು ಸ್ಟೆರಾಯ್ಡ್ ಕೊಟ್ಟಿದ್ದಾರಾ ಅಂತ ಕೇಳಬೇಕು. ಸಕ್ಕರೆಯೂ ಏರುತ್ತದೆ. ಈ ಔಷಧಿಯ ಬಗ್ಗೆ ಬ್ರಿಟನ್ನಿನ ರಿಕವರಿ ಎಂಬ ಪ್ರಯೋಗದ ಫಲಿತಾಂಶ 2020ರ ಜೂನ್‌ನಲ್ಲೇ ಬಂದಿತ್ತು. ದಿನಕ್ಕೆ 6 ಮಿಲಿಗ್ರಾಂನಂತೆ ಕೊಟ್ಟಾಗ ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಮೂರನೇ ಒಂದು ಭಾಗ, ಆಕ್ಸಿಜನ್ ಮೇಲಿದ್ದವರಲ್ಲಿ ಐದನೇ ಒಂದು ಭಾಗ ಕಡಿಮೆಯಾಗಿತ್ತು. ಆಕ್ಸಿಜನ್ ಬೇಡದವರಿಗೆ ಏನೂ ಲಾಭವಿರಲಿಲ್ಲ. ಆದರೂ ಮೆಡಿಕಲ್ ಶಾಪ್‌ನಿಂದ ತಂದು ಜ್ವರದ ಮೊದಲ ದಿನವೇ ನುಂಗಿದವರು ಎಷ್ಟೋ ಜನ. ಅವರ ಸಕ್ಕರೆ ರಿಪೋರ್ಟ್ ನೋಡಿದರೆ ನನಗೇ ಕೈ ನಡುಗುತ್ತಿತ್ತು.

ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಶುರುವಾದವರಲ್ಲಿ ಮತ್ತೆ ಪ್ಲೇಟ್‌ಲೆಟ್ ಎಣಿಕೆಗೆ ಬೆಲೆ ಬಂತು. ಕೆಲವರಲ್ಲಿ ಆ ಔಷಧಿಯಿಂದಲೇ ಐದರಿಂದ ಹತ್ತನೇ ದಿನದ ಒಳಗೆ ಪ್ಲೇಟ್‌ಲೆಟ್ ಕುಸಿಯಬಹುದು. ಹಳೆಯ ಎಣಿಕೆಗಿಂತ ಅರ್ಧಕ್ಕೆ ಬಂದರೆ ರಿಪೋರ್ಟ್ ಪ್ರಿಂಟ್ ಆಗುವವರೆಗೆ ಕಾಯದೆ ಡಾಕ್ಟರಿಗೆ ಫೋನ್ ಮಾಡುವುದು ನಮ್ಮ ಪದ್ಧತಿ. ಪೂರ್ತಿ ಡೋಸ್ ಹೆಪಾರಿನ್ ಯಾರಿಗೆ ಅನ್ನುವ ದೊಡ್ಡ ಪ್ರಯೋಗಗಳ ಉತ್ತರ 2021ರ ಆಗಸ್ಟ್‌ನಲ್ಲಿ ಪ್ರಕಟವಾಯಿತು. ವಾರ್ಡಿನಲ್ಲಿದ್ದ, ಅಷ್ಟು ಗಂಭೀರವಲ್ಲದವರಿಗೆ ಉಪಯೋಗ. ಐಸಿಯು ಹಂತಕ್ಕೆ ಹೋದವರಿಗೆ ಇಲ್ಲ. ನಮ್ಮಲ್ಲಿ ಅಷ್ಟರೊಳಗೆ ಎರಡನೇ ಅಲೆಯ ಜೋರು ಇಳಿದಿತ್ತು.

ಗುಣವಾಗಿ ಮನೆಗೆ ಹೋದವರು ವಾರ ವಾರ ಡಿ-ಡೈಮರ್ ಮಾಡಿಸಲು ಬರತೊಡಗಿದರು. ಡಾಕ್ಟರ್ ಬರೆದಿದ್ದಾರಾ ಅಂದರೆ ಇಲ್ಲ, ಪಕ್ಕದ ಮನೆಯವರು ಹೇಳಿದರು! ಅಂಥವರಿಗೆ ನಾನು ಕೇಳುತ್ತಿದ್ದದ್ದು ಎರಡೇ ಪ್ರಶ್ನೆ. ಒಂದೇ ಕಾಲು ಊದಿಕೊಂಡು ನೋಯುತ್ತಿದೆಯಾ? ಇದ್ದಕ್ಕಿದ್ದಂತೆ ಉಸಿರು ಕಟ್ಟುತ್ತದೆಯಾ, ಎದೆ ನೋವಿದೆಯಾ? ಹೌದು ಅಂದರೆ ಸೂಜಿ ತೆಗೆಯುತ್ತಲೇ ಇರಲಿಲ್ಲ, ನೇರ ಆಸ್ಪತ್ರೆಗೆ ಕಳಿಸುತ್ತಿದ್ದೆ. ಇಲ್ಲ ಅಂದರೆ ದುಡ್ಡು ಜೇಬಲ್ಲೇ ಇಟ್ಟುಕೊಂಡು ಮೊದಲು ಡಾಕ್ಟರನ್ನು ಕೇಳಿಕೊಂಡು ಬನ್ನಿ ಅನ್ನುತ್ತಿದ್ದೆ.