ದ್ರವದೊಳಗಿನ ಅಣುಕಂಪನವನ್ನು ಲೇಸರ್ ಪಲ್ಸ್‌ಗಳಿಂದ ಗುರುತಿಸಿದ ಬಗೆ

ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ದ್ರವದ ಅಣುವಿನ ನಾಲ್ಕೂ ಕ್ಲೋರಿನ್ ಪರಮಾಣುಗಳು ಏಕಕಾಲಕ್ಕೆ ಹಿಗ್ಗಿ ಕುಗ್ಗುವ ಕಂಪನವೊಂದಿದ್ದು, ಅದರ ಒಂದು ಸುತ್ತಿಗೆ ಹಿಡಿಯುವ ಕಾಲ ಸುಮಾರು 73 ಫೆಮ್ಟೊಸೆಕೆಂಡ್. ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿ, ಅದರಲ್ಲೊಂದು ಪಾಲನ್ನು ಮತ್ತೆ ನೂರು ಕೋಟಿ ಪಾಲು ಮಾಡಿದರೆ ಒಂದು ಫೆಮ್ಟೊಸೆಕೆಂಡ್ ಆಗುತ್ತದೆ. ಮೈಸೂರಿನ ನಮ್ಮ ಪ್ರಯೋಗಾಲಯದಲ್ಲಿ ಈ ಕಂಪನವನ್ನು ಕಾಲದ ಅಕ್ಷದ ಮೇಲೆಯೇ ಕಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಟೈಟಾನಿಯಂ-ಸಫೈರ್ ಲೇಸರ್‌ನಿಂದ ಬರುವ 800 ನ್ಯಾನೊಮೀಟರ್ ಬೆಳಕನ್ನು ಎರಡಾಗಿ ಸೀಳುತ್ತೇವೆ. ಬಲವಾದ ಪಂಪ್ ಪಲ್ಸ್ (ಪಲ್ಸ್ ಎಂದರೆ ಬೆಳಕಿನ ಅತಿ ಚಿಕ್ಕ ಮಿಡಿತ) ಅಣುಗಳನ್ನೆಲ್ಲ ಒಂದೇ ತಾಳದಲ್ಲಿ ಕಂಪಿಸುವಂತೆ ತಟ್ಟುತ್ತದೆ. ದುರ್ಬಲವಾದ ಪ್ರೋಬ್ ಪಲ್ಸ್ ತಡವಾಗಿ ಬಂದು ಆ ಕ್ಷಣದ ಸ್ಥಿತಿಯನ್ನು ಓದುತ್ತದೆ. ಪ್ರೋಬ್‌ನ ಹಾದಿಯಲ್ಲಿರುವ ಕನ್ನಡಿ ಜೋಡಿಯನ್ನು ಒಂದು ಮೈಕ್ರೊಮೀಟರ್ ಸರಿಸಿದರೆ, ಬೆಳಕು ಹೋಗಿ ಬರುವ ದೂರ ಎರಡು ಮೈಕ್ರೊಮೀಟರ್ ಹೆಚ್ಚಿ, 6.7 ಫೆಮ್ಟೊಸೆಕೆಂಡ್ ವಿಳಂಬ ಸಿಗುತ್ತದೆ. ಪಲ್ಸ್ ಕಂಪನದ ಅವಧಿಗಿಂತ ಚಿಕ್ಕದಾಗಿರಲೇಬೇಕು. ಹಾದಿಯ ಪ್ರತಿಯೊಂದು ಗಾಜೂ ಅದನ್ನು ಹಿಗ್ಗಿಸುವುದರಿಂದ, ಲೇಸರ್‌ನ ಬಾಯಲ್ಲಲ್ಲ, ದ್ರವವಿಡುವ ಜಾಗದಲ್ಲೇ ಪಲ್ಸ್ ಅಳೆದು, ಹಿಗ್ಗಿದ್ದನ್ನು ಮತ್ತೆ ಕುಗ್ಗಿಸುವ ಪ್ರಿಸಂ ಜೋಡಿಯ ಅಂತರವನ್ನು ತಿದ್ದುತ್ತೇನೆ.

ಎರಡೂ ಪಲ್ಸ್‌ಗಳು ಒಟ್ಟಿಗೆ ತಲುಪುವ ಬಿಂದುವನ್ನು ಹುಡುಕಲು ಅದೇ ಜಾಗದಲ್ಲಿ ಎರಡು ಕಿರಣಗಳು ಒಟ್ಟಿಗೆ ಬಿದ್ದಾಗ ಅವನ್ನು ಬೆರೆಸಿ ನೀಲಿ ಬೆಳಕು ಕೊಡುವ ತೆಳುವಾದ ಬಿಬಿಒ (ಬೇರಿಯಂ ಬೋರೇಟ್) ಸ್ಫಟಿಕವನ್ನು ಇಡುತ್ತೇನೆ. ಕನ್ನಡಿಯನ್ನು ನಿಧಾನವಾಗಿ ಸರಿಸುತ್ತ ಹೋದಾಗ, ಎರಡು ಕಿರಣಗಳ ನಡುವೆ ಕಾಗದದ ಮೇಲೆ ಮೂರನೆಯ ನೀಲಿ ಚುಕ್ಕೆ ಮೂಡಿ, ಕೂದಲೆಳೆಯಷ್ಟು ಸರಿಸಿದರೂ ಮಾಯವಾಗುತ್ತದೆ. ಹುಣಸೂರು ರಸ್ತೆಯ ವಾಹನ ಸಂಚಾರ ತಗ್ಗಿದ ರಾತ್ರಿಯ ಹೊತ್ತು ಈ ಕೆಲಸಕ್ಕೆ ಒಳ್ಳೆಯದು. ಕೊಠಡಿಯ ತಾಪಮಾನವೂ ಸ್ಥಿರವಾಗಿರಬೇಕು.

ಹೊಸಬರಿಗೆ ನಾನು ಒತ್ತಿ ಹೇಳುವುದು ಪತ್ತೆಯ ವಿಧಾನವನ್ನು. ಅಣುವಿನ ಕಂಪನವು ಪ್ರೋಬ್‌ನ ವರ್ಣವನ್ನು ಒಮ್ಮೆ ಕೆಂಪಿನತ್ತ, ಒಮ್ಮೆ ನೀಲಿಯತ್ತ ಸರಿಸುತ್ತದೆಯೇ ಹೊರತು ಅದರ ಒಟ್ಟು ಶಕ್ತಿಯನ್ನು ಹೆಚ್ಚೇನೂ ಬದಲಿಸುವುದಿಲ್ಲ. ಹಾಗಾಗಿ ಇಡೀ ಪ್ರೋಬನ್ನು ಅಳೆದರೆ ಗೆರೆ ಬಹುಮಟ್ಟಿಗೆ ಚಪ್ಪಟೆಯಾಗಿರುತ್ತದೆ. ಶೋಧಕದ ಮುಂದೆ ಫಿಲ್ಟರ್ ಇಟ್ಟು ವರ್ಣಪಟಲದ ಒಂದು ಅಂಚನ್ನಷ್ಟೇ ಬಿಟ್ಟರೆ ಅಲೆಗಳು ಎದ್ದು ಕಾಣುತ್ತವೆ. ಇನ್ನೊಂದು ಅಂಚಿನಲ್ಲಿ ಅದೇ ಅಲೆಗಳು ತಲೆಕೆಳಗಾಗಿ ಬಂದರೆ ಅಳತೆಯನ್ನು ನಂಬಬಹುದು.

ವಿಳಂಬ ಸೊನ್ನೆಯಾಗಿರುವ ಬಿಂದುವಿನ ಆಸುಪಾಸಿನ ದೊಡ್ಡ ಶಿಖರ ಎಲೆಕ್ಟ್ರಾನ್‌ಗಳ ಕ್ಷಣಿಕ ಪ್ರತಿಕ್ರಿಯೆಯಾದ್ದರಿಂದ ಅದನ್ನು ಬಿಟ್ಟು, ಉಳಿದ ಭಾಗಕ್ಕೆ ಫೂರಿಯೆ ರೂಪಾಂತರ (ಅಲೆಗಳಲ್ಲಿ ಬೆರೆತಿರುವ ಆವರ್ತನಗಳನ್ನು ಬಿಡಿಸಿ ತೋರಿಸುವ ಗಣಿತ) ಮಾಡುತ್ತೇನೆ. ಆಗ ಪ್ರತಿ ಸೆಂಟಿಮೀಟರ್‌ಗೆ (ಆವರ್ತನವನ್ನು ಒಂದು ಸೆಂಟಿಮೀಟರಿಗೆ ಎಷ್ಟು ಅಲೆ ಎಂದು ಹೇಳುವ ಮಾನ) 218, 314 ಮತ್ತು 459ರ ಸುತ್ತ ಶಿಖರಗಳು ಸಿಗುತ್ತವೆ; 459ರದೇ ಮೊದಲು ಹೇಳಿದ 73 ಫೆಮ್ಟೊಸೆಕೆಂಡಿನ ಕಂಪನ. ಕನ್ನಡಿ ಸರಿಸುವ ಪ್ರತಿ ಹೆಜ್ಜೆಯಲ್ಲೂ ಕಾಯುವ ಸಮಯವನ್ನು ಬದಲಿಸಿ ಮತ್ತೊಮ್ಮೆ ಅಳೆಯುವುದು ಅಗತ್ಯ: ಮೇಜಿನ ಅದುರಿನಿಂದ ಹುಟ್ಟಿದ ಶಿಖರ ಜಾಗ ಬದಲಿಸುತ್ತದೆ, ಅಣುವಿನದು ಕದಲುವುದಿಲ್ಲ. ಕ್ಲೋರೊಫಾರ್ಮ್ ಇಟ್ಟರೆ ಶಿಖರಗಳು 262, 366 ಮತ್ತು 668ಕ್ಕೆ ಹೋಗುತ್ತವೆ. ಎರಡೂ ವಿಷಕಾರಿ ದ್ರವಗಳಾದ್ದರಿಂದ ಮುಚ್ಚಿದ ಕ್ಯುವೆಟ್‌ನಲ್ಲೇ (ದ್ರವವಿಡುವ ಚಿಕ್ಕ ಪಾರದರ್ಶಕ ಪಾತ್ರೆ) ಬಳಸಬೇಕು.

ಈ ಸಂಖ್ಯೆಗಳು 1928ರಲ್ಲಿ ಸಿ.ವಿ. ರಾಮನ್ ತೋರಿಸಿದ ಬೆಳಕಿನ ಚದರಿಕೆಯಿಂದಲೂ ದೊರೆಯುತ್ತವೆ. ಆದರೆ ಇಲ್ಲಿ ಕಂಪನದ ಆರಂಭದ ಹಂತವೂ ಕಾಣುತ್ತದೆ: ಬೆಳಕನ್ನು ಹೀರದ ಇಂಥ ದ್ರವದಲ್ಲಿ ಪರಮಾಣುಗಳು ತಮ್ಮ ಸಮತೋಲನದ ಸ್ಥಾನದಿಂದಲೇ ಚಲನೆಯನ್ನು ಆರಂಭಿಸುತ್ತವೆ.