ಬೆಲಿಯ 'ಪೀಟರ್ಸ್‌ಬರ್ಗ್' ಓದಲು ಹೊರಟವರಿಗೆ

ರಷ್ಯಾದ ಸಿಂಬಲಿಸ್ಟರಲ್ಲಿ, ಅಂದ್ರೆ ಸಂಕೇತಗಳ ಮೂಲಕ ಹೇಳುತ್ತಿದ್ದ ಬರಹಗಾರರಲ್ಲಿ, ನನಗೆ ಆಂದ್ರೇ ಬೆಲಿ ಕಂಡರೆ ಜಾಸ್ತಿ ಪ್ರೀತಿ. ಅವನ ಕಾದಂಬರಿ 'ಪೀಟರ್ಸ್‌ಬರ್ಗ್' ಹಿಡಿಯುವ ಮೊದಲು ರಷ್ಯಾದ ಕವಿ ಪುಷ್ಕಿನ್‌ನ 'ಕಂಚಿನ ಕುದುರೆ ಸವಾರ' ಓದಿ. ಚಿಕ್ಕ ಕಾವ್ಯ, ಒಂದು ಸಂಜೆ ಸಾಕು. ಅದರಲ್ಲಿ ಪೀಟರ್ಸ್‌ಬರ್ಗ್ ಊರು ಕಟ್ಟಿಸಿದ ಪೀಟರ್ ದೊರೆಯ ಪ್ರತಿಮೆ ಒಬ್ಬ ಬಡ ಗುಮಾಸ್ತನನ್ನು ಅಟ್ಟಿಸಿಕೊಂಡು ಬರುತ್ತದೆ. ಬೆಲಿಯಲ್ಲಿ ಅದೇ ಪ್ರತಿಮೆ ಮೆಟ್ಟಿಲು ಹತ್ತಿ ಕೋಣೆಗೇ ಬಂದುಬಿಡುತ್ತದೆ!

ಅನುವಾದ ಆರಿಸುವಾಗ ಹುಷಾರು. 1916ರ ಪುಸ್ತಕವನ್ನು ಬೆಲಿಯೇ ಕತ್ತರಿಸಿ 1922ರಲ್ಲಿ ಬರ್ಲಿನ್‌ನಲ್ಲಿ ಮತ್ತೆ ತಂದ. ಇಂಗ್ಲಿಷಿನಲ್ಲಿ ಎರಡೂ ಸಿಗುತ್ತವೆ. 1916ರದ್ದನ್ನೇ ತೆಗೆದುಕೊಳ್ಳಿ. ಉದ್ದ ನಿಜ, ಆದರೆ ಪಾತ್ರಗಳು ಚೆನ್ನಾಗಿ ಹಿಡಿಗೆ ಸಿಗುತ್ತವೆ.

ಕತೆ ಮೊದಲೇ ತಿಳಿದಿದ್ದರೆ ಒಳ್ಳೆಯದು. ಕಾಲ 1905, ರಷ್ಯಾದ ಮೊದಲ ಕ್ರಾಂತಿಯ ವರ್ಷ. ಸೆನೆಟರ್ ಅಬ್ಲೆಯುಖೋವ್‌ನನ್ನು ಕೊಲ್ಲುವ ಕೆಲಸ ಅವನ ಮಗ ನಿಕೊಲಾಯ್ ತಲೆಗೆ ಬೀಳುತ್ತದೆ. ಬಾಂಬು ಇರೋದು ಸಾರ್ಡಿನ್ ಡಬ್ಬಿಯಲ್ಲಿ.

ಪೆನ್ಸಿಲ್ ಕೈಯಲ್ಲಿರಲಿ. ಅಪ್ಪನಿಗೆ ಚೌಕ, ನೇರ ಗೆರೆ ಅಂದ್ರೆ ಪ್ರಾಣ. ನೆವಾ ನದಿಯಾಚೆಯ ದ್ವೀಪಗಳೆಂದರೆ ಭಯ. ಆಕಾರ, ಬಣ್ಣ ಮತ್ತೆ ಬಂದಲ್ಲೆಲ್ಲ ಗುರುತು ಹಾಕಿ. ಬೆಲಿ ಕವಿಯೂ ಹೌದಲ್ವಾ, ಗದ್ಯದಲ್ಲೂ ತಾಳ ಇದೆ. ಅರ್ಥ ಜಾರಿದ ಪುಟವನ್ನು ಗಟ್ಟಿಯಾಗಿ ಓದಿ ನೋಡಿ. ಮುಗಿದ ಮೇಲೆ ಇನ್ನೊಬ್ಬ ಸಿಂಬಲಿಸ್ಟ್ ಕವಿ ಬ್ಲೋಕ್‌ನ 'ಹನ್ನೆರಡು ಮಂದಿ' ಕಾವ್ಯ ಎತ್ತಿಕೊಳ್ಳಿ. ಅದು 1918ರ ಜನವರಿಯಲ್ಲಿ ಬರೆದದ್ದು, ಅದೇ ಊರಿನ ಹಿಮದ ಬೀದಿಗಳದ್ದು.